ಗಾಳಿಗೂ ಕಣ್ಣಿಗೂ ಲೆಕ್ಕ ಹಾಕಿ ಕಟ್ಟಿದ ಮನೆ

ಕ್ಯೋಟೊ–ಒಸಾಕಾ ರೈಲುದಾರಿಯ ಯಮಜಾಕಿ ನಿಲ್ದಾಣದಲ್ಲಿಳಿದು ಸ್ವಲ್ಪ ಏರು ಹತ್ತಿದರೆ, ತೆನ್ನೊಜಾನ್ ಬೆಟ್ಟದ ಮೈಯಲ್ಲಿ ಚೋಚಿಕುಕ್ಯೊ ಎಂಬ ಒಂದೇ ಅಂತಸ್ತಿನ ಮರದ ಮನೆ ಸಿಗುತ್ತದೆ. ವಾಸ್ತುಶಿಲ್ಪಿ ಫುಜಿಯಿ ಕೋಜಿ 1928ರಲ್ಲಿ ತಮ್ಮ ಕುಟುಂಬಕ್ಕಾಗಿ ಕಟ್ಟಿದ್ದು ಇದು. ಜಪಾನಿ ಶೈಲಿಯ ಒಳಾಂಗಣ ಎಂದೊಡನೆ ಗೃಹಾಲಂಕಾರದ ಪುಟಗಳು ಬಿದಿರಿನ ಪರದೆ, ಕಾಗದದ ದೀಪ, ಗಿಡ್ಡ ಮೇಜುಗಳನ್ನು ತೋರಿಸುತ್ತವೆ. ಅವನ್ನು ಯಾವ ಊರಿನ ಯಾವ ಫ್ಲ್ಯಾಟಿನಲ್ಲೂ ತಂದಿಡಬಹುದು. ಚೋಚಿಕುಕ್ಯೊದ ಜಪಾನಿತನ ಹಾಗೆ ಹೊತ್ತೊಯ್ಯುವಂಥದ್ದಲ್ಲ. ಅಲ್ಲಿನ ಸೆಕೆ, ಅಲ್ಲಿನ ಇಳಿಜಾರು, ಅಲ್ಲಿನ ಜನ ಕೂರುವ ಬಗೆ ಇವನ್ನು ಅಳೆದು ನೋಡಿ ಕಟ್ಟಿದ್ದರಿಂದ ಬಂದದ್ದು ಅದು.

ಹಿನ್ನೆಲೆ ಚಿಕ್ಕದು. ಫುಜಿಯಿ ಹುಟ್ಟಿದ್ದು 1888ರಲ್ಲಿ, ಹಿರೊಶಿಮಾ ಪ್ರಾಂತ್ಯದ ಫುಕುಯಾಮಾದಲ್ಲಿ, ಸಾಕೆ ಎಂಬ ಅಕ್ಕಿಯ ಮದ್ಯ ತಯಾರಿಸುವ ಸಿರಿವಂತರ ಮನೆಯಲ್ಲಿ. ತಕೆನಾಕಾ ಎಂಬ ಕಟ್ಟಡ ನಿರ್ಮಾಣ ಕಂಪನಿಯಲ್ಲಿ ಕೆಲಸ ಮಾಡಿ, ಯುರೋಪು–ಅಮೆರಿಕ ಸುತ್ತಿ, 1920ರಿಂದ ಕ್ಯೋಟೊ ವಿಶ್ವವಿದ್ಯಾಲಯದಲ್ಲಿ ಕಲಿಸಿದರು. ತಮಗಾಗಿ ಒಂದರ ಹಿಂದೊಂದು ಐದು ಮನೆ ಕಟ್ಟಿ, ವಾಸಿಸಿ, ಪರೀಕ್ಷಿಸಿದರು, ಚೋಚಿಕುಕ್ಯೊ ಐದನೆಯದು. 1938ರಲ್ಲಿ, ಐವತ್ತು ತುಂಬುವ ಮೊದಲೇ ತೀರಿಕೊಂಡರು.

ಮನೆಯ ನಡುವೆ ವಾಸದ ಕೋಣೆ, ಉಳಿದ ಕೋಣೆಗಳೆಲ್ಲ ಅದರ ಸುತ್ತ. ಅದರ ಒಂದು ಬದಿಯಲ್ಲಿ ತಾತಾಮಿ ಚಾಪೆ ಹಾಸಿದ ಜಾಗ ನೆಲಕ್ಕಿಂತ ಸುಮಾರು 30 ಸೆಂಟಿಮೀಟರ್ ಎತ್ತರದಲ್ಲಿದೆ. ಚಾಪೆಯ ಮೇಲೆ ಕಾಲು ಮಡಿಸಿ ಕೂತವರ ಕಣ್ಣೂ ಕುರ್ಚಿಯಲ್ಲಿ ಕೂತವರ ಕಣ್ಣೂ ಒಂದೇ ಮಟ್ಟಕ್ಕೆ ಬರುವುದು ಈ ಎತ್ತರದಿಂದ. ಆ ಮೆಟ್ಟಿಲಿನ ಒಡಲಲ್ಲೇ ಗಾಳಿಯ ಬಾಯಿ ಇದೆ: ಪಶ್ಚಿಮದ ಇಳಿಜಾರಿನ ಗಾಳಿ ನೆಲದಡಿಯ ಕೊಳವೆಯಲ್ಲಿ ಹಾದು, ಮಣ್ಣಿನ ತಂಪಿಗೆ ತಣಿದು ಒಳಗೆ ಬರುತ್ತದೆ. ಬಿಸಿಗಾಳಿ ಛಾವಣಿಯ ಕಿಂಡಿಗಳಿಂದ ಅಟ್ಟಕ್ಕೇರಿ ಹೊರಹೋಗುತ್ತದೆ. ಒಂದೇ ಮೆಟ್ಟಿಲು ಎರಡು ಪ್ರಶ್ನೆಗೆ ಉತ್ತರವಾಗುವ ಈ ಜಾಣತನವೇ ನನಗೆ ಇಡೀ ಮನೆಯ ಸಾರವೆನಿಸುತ್ತದೆ. ದಕ್ಷಿಣದ ಗಾಜಿನ ಪಡಸಾಲೆ ತುಂಬ ಸುಂದರ, ಹೌದು. ಆದರೆ ಅಲ್ಲೂ ಬೇಸಿಗೆಯ ಬಿಸಿಲನ್ನು ತಡೆಯುವುದು ಮುಂದಕ್ಕೆ ಚಾಚಿದ ಸೂರು.

ಕುರ್ಚಿ, ಪಾಶ್ಚಾತ್ಯ ಜಾಡಿನ ಗಡಿಯಾರ, ವಿದ್ಯುತ್ ಅಡುಗೆಮನೆ ಇರುವ ಮನೆ ಜಪಾನಿ ಹೇಗಾದೀತು ಎಂದು ಕೇಳುವವರುಂಟು. ಆ ಕಾಲದ ಉಳ್ಳವರು ಅತಿಥಿಗಳಿಗೊಂದು ಪಾಶ್ಚಾತ್ಯ ಕೋಣೆ, ಮನೆಯವರಿಗೆ ತಾತಾಮಿ ಕೋಣೆ ಎಂದು ಬದುಕನ್ನೇ ಇಬ್ಭಾಗ ಮಾಡಿಕೊಂಡಿದ್ದರು. ಫುಜಿಯಿ ಬೆಸೆಯಲು ಹೊರಟದ್ದು ಆ ಒಡಕನ್ನು. ಕಿಮೊನೊದ ಅಗಲವಾದ ನಡುಪಟ್ಟಿ ಒತ್ತಿಹೋಗದಂತೆ ಕುರ್ಚಿಯ ಬೆನ್ನನ್ನೂ ಅವರೇ ಮಾರ್ಪಡಿಸಿದರು. ಉಡುಪಿಗೆ ತಕ್ಕಂತೆ ಕುರ್ಚಿ ಬದಲಾಯಿತೇ ಹೊರತು ಕುರ್ಚಿಗಾಗಿ ಉಡುಪು ಬದಲಾಗಲಿಲ್ಲ. ಇನ್ನು, ವಿಶಾಲವಾದ ಜಮೀನು ಕೊಂಡು ನುರಿತ ಬಡಗಿಯ ಕೈಯಲ್ಲಿ ಕಟ್ಟಿಸಿದ ಮನೆ ಉಳಿದವರಿಗೆ ಮಾದರಿಯಾದೀತೇ ಎಂಬ ಆಕ್ಷೇಪ ಹೆಚ್ಚು ಗಟ್ಟಿಯಾದದ್ದು. ಆ ನುಣುಪು ಎಲ್ಲರ ಕೈಗೆಟುಕದು, ನಿಜ. ಆದರೆ ಒಂದು ಮೆಟ್ಟಿಲಿಗೆ, ಛಾವಣಿಯ ಕಿಂಡಿಗೆ, ಉದ್ದನೆಯ ಸೂರಿಗೆ ಸಿರಿವಂತಿಕೆ ಬೇಕಿಲ್ಲ. ಕ್ಯೋಟೊದ ತೇವ ತುಂಬಿದ ಬೇಸಿಗೆಗೆ ಒಂದು ಕೊಳವೆ ಸಾಲದು ಎನ್ನುವುದೂ ಸರಿ. ಅದು ಗಾಳಿಯನ್ನು ತಣಿಸೀತು, ಒಣಗಿಸಲಾರದು. ಅದಕ್ಕೇ ಫುಜಿಯಿ ಅದೊಂದನ್ನೇ ನೆಚ್ಚಿಕೊಳ್ಳದೆ ಸೂರು, ಅಟ್ಟ, ಕಿಂಡಿಗಳನ್ನೆಲ್ಲ ಒಟ್ಟಿಗೆ ದುಡಿಸಿಕೊಂಡರು.

2016ರಲ್ಲಿ ತಕೆನಾಕಾ ಕಂಪನಿಯೇ ಮನೆಯನ್ನು ಕೊಂಡಿತು. 2017ರಲ್ಲಿ ಇದು ಜಪಾನಿನ ಪ್ರಮುಖ ಸಾಂಸ್ಕೃತಿಕ ಆಸ್ತಿಯಾಯಿತು. ನೋಡಲು ಮುಂಚಿತವಾಗಿ ಕಾಯ್ದಿರಿಸಬೇಕು. ಪ್ರಕಟವಾಗುವ ಚಿತ್ರಗಳಲ್ಲೆಲ್ಲ ಗಡಿಯಾರ ಮತ್ತು ಊಟದ ಕೋಣೆಯ ಕಮಾನೇ ಮೆರೆಯುವುದು ನನ್ನ ದೂರು. ಹೋಗುವವರು ಮೊದಲು ಆ ಮೆಟ್ಟಿಲ ಬಳಿ ಬಗ್ಗಿ ಗಾಳಿಯ ಬಾಯಿಯನ್ನು ನೋಡಲಿ, ಕಮಾನಿನ ಸರದಿ ಆಮೇಲೆ.