ಲೇಔಟ್ ರಸ್ತೆಗೆ ಡಾಂಬರು ಹಾಕಿಸೋ ಮುಂಚೆ ಚರಂಡಿ ನೋಡಿ: ಸಂಘದ ದುಡ್ಡು ನೀರುಪಾಲಾಗದಿರಲು ಗೊತ್ತಿರಬೇಕಾದ ವಿಷಯಗಳು

ತಿಪಟೂರು: ಮಳೆ ಬಿಟ್ಟ ಮೇಲೆ ಬಡಾವಣೆ ಸಂಘಗಳ ಮೀಟಿಂಗ್‌ನಲ್ಲಿ ಮೊದಲು ಬರೋದು ರಸ್ತೆ ಗುಂಡಿಯ ಮಾತೇ. ಮನೆಗಿಷ್ಟು ಅಂತ ಚಂದಾ ಎತ್ತಿ ಡಾಂಬರು ಹಾಕಿಸಿಬಿಡೋಣ ಅಂತ ಒಬ್ಬರು, ಕಂದಾಯ ಕಟ್ಟಲ್ವಾ, ನಗರಸಭೆಯವರೇ ಹಾಕ್ಲಿ ಅಂತ ಇನ್ನೊಬ್ಬರು. ಈ ಚರ್ಚೆ ಮುಗಿಯೋ ಹೊತ್ತಿಗೆ ಅಂಗೈ ಅಗಲದ ಗುಂಡಿ ಮೊರದಗಲ ಆಗಿರುತ್ತೆ. ಹೇಗೋ ದುಡ್ಡು ಹೊಂದಿಸಿ ಹಾಕಿಸಿದ ಡಾಂಬರು ಮುಂದಿನ ಮಳೆಗೇ ಎದ್ದು ಬಂದರೆ, ಸಂಘದ ಪದಾಧಿಕಾರಿಗಳು ಬೀದಿಯಲ್ಲಿ ತಲೆ ಎತ್ತಿ ಓಡಾಡೋದು ಕಷ್ಟ. ಹಾಗಾಗಿ ಚಂದಾ ಪುಸ್ತಕ ತೆಗೆಯೋ ಮೊದಲು ಎರಡು ಸಂಗತಿ ತಿಳಿದಿರಬೇಕು. ಆ ರಸ್ತೆ ಈಗ ಯಾರ ಸುಪರ್ದಿಯಲ್ಲಿದೆ? ಅದು ಹಾಳಾಗ್ತಿರೋದು ಯಾಕೆ?

ರಸ್ತೆ ಯಾರದ್ದು?

ಅನುಮೋದನೆ ಪಡೆದ ಬಡಾವಣೆಯಲ್ಲಿ ರಸ್ತೆ, ಚರಂಡಿ, ಬೀದಿ ದೀಪ ಎಲ್ಲ ಮುಗಿಸಿ ಸ್ಥಳೀಯ ಸಂಸ್ಥೆಗೆ ಹಸ್ತಾಂತರ ಮಾಡೋದು ಲೇಔಟ್ ಮಾಡಿದವರ ಹೊಣೆ. ಹಸ್ತಾಂತರ ಆಗಿದ್ದರೆ ರಸ್ತೆ ನಗರಸಭೆ ಅಥವಾ ಪಂಚಾಯಿತಿಯದ್ದು. ಅದಕ್ಕೆ ಸಂಘ ಕೈಯಿಂದ ದುಡ್ಡು ಹಾಕೋದಕ್ಕಿಂತ ವಾರ್ಡ್ ಸದಸ್ಯರ ಬೆನ್ನು ಹತ್ತೋದೇ ಸರಿ. ಆಗಿಲ್ಲದಿದ್ದರೆ ಎಷ್ಟು ಅರ್ಜಿ ಕೊಟ್ಟರೂ 'ನಮಗಿನ್ನೂ ವಹಿಸಿಕೊಟ್ಟಿಲ್ಲ' ಅನ್ನೋ ಉತ್ತರವೇ ಸಿಗೋದು. ಮನೆ ಕಂದಾಯ ಕಟ್ಟಿದ ಮಾತ್ರಕ್ಕೆ ಹಸ್ತಾಂತರ ಆಗಿದೆ ಅಂತಲ್ಲ. ತುಂಬಾ ಜನ ಎಡವೋದು ಇಲ್ಲೇ.

ಬಾಯಿ ಮಾತು ನಂಬಬೇಡಿ. ಹಸ್ತಾಂತರ ಪತ್ರದ ಪ್ರತಿ ಕೇಳಿ ಮಾಹಿತಿ ಹಕ್ಕಿನಡಿ 10 ರೂಪಾಯಿ ಕಟ್ಟಿ ಅರ್ಜಿ ಹಾಕಿದರೆ 30 ದಿನದಲ್ಲಿ ಉತ್ತರ ಕೊಡಬೇಕು. ಸಂಘದ ಫೈಲಿನಲ್ಲಿ ಮೊದಲು ಇರಬೇಕಾದ ಕಾಗದ ಇದು.

ಹೊಸ ಲೇಔಟ್‌ನವರಿಗೆ ಇನ್ನೊಂದು ದಾರಿ ಇದೆ. 2016ರ ರೇರಾ ಕಾಯ್ದೆಯ 14(3)ನೇ ಕಲಂ ಪ್ರಕಾರ, ಸ್ವಾಧೀನ ಕೊಟ್ಟ ದಿನದಿಂದ 5 ವರ್ಷದೊಳಗೆ ಕಾಮಗಾರಿ ಗುಣಮಟ್ಟದ ದೋಷವನ್ನು ಲೇಔಟ್ ಮಾಡಿದವರ ಗಮನಕ್ಕೆ ತಂದರೆ, ಅವರು ಖರ್ಚು ಕೇಳದೆ 30 ದಿನದಲ್ಲಿ ಸರಿಪಡಿಸಬೇಕು. ಮಾಡದಿದ್ದರೆ ರೇರಾ ಪ್ರಾಧಿಕಾರಕ್ಕೆ ದೂರು ಕೊಡಬಹುದು. ಫೋನಿನಲ್ಲಿ ಹೇಳಿದ್ದು ಲೆಕ್ಕಕ್ಕೆ ಬರಲ್ಲ. ಗುಂಡಿಯ ಫೋಟೋ ಸಮೇತ ಸ್ಪೀಡ್ ಪೋಸ್ಟ್‌ನಲ್ಲಿ ಪತ್ರ ಕಳಿಸಿ, ಸ್ವೀಕೃತಿ ಚೀಟಿ ಇಟ್ಟುಕೊಳ್ಳಿ. ಐದು ವರ್ಷ ದಾಟುವವರೆಗೂ 'ಮಾಡ್ಸೋಣ ಸಾರ್' ಅಂತ ಮುಂದೂಡಿಸಿಕೊಂಡು ಕೂತವರಿಗೆ ಆಮೇಲೆ ಈ ಬಾಗಿಲು ಮುಚ್ಚಿರುತ್ತೆ.

ಅನುಮೋದನೆಯೇ ಇಲ್ಲದ ರೆವಿನ್ಯೂ ಬಡಾವಣೆ, ಅಪಾರ್ಟ್‌ಮೆಂಟ್ ಕಾಂಪೌಂಡಿನ ಒಳಗಿನ ರಸ್ತೆ ಮತ್ತು ಪಾರ್ಕಿಂಗ್ ಜಾಗ, ಇವಕ್ಕೆಲ್ಲ ಕೊನೆಗೆ ಅಲ್ಲಿರೋರೇ ದುಡ್ಡು ಹಾಕಬೇಕಾಗುತ್ತೆ. ಮುಂದಿನದ್ದು ಮುಖ್ಯವಾಗಿ ಅಂಥವರಿಗೆ.

ರಸ್ತೆ ಕೊಲ್ಲೋದು ನೀರು

ಗುಂಡಿ ಬಿದ್ದ ಕೂಡಲೇ ಎಲ್ಲರೂ ಬೈಯೋದು ಇಟ್ಟಿಗೆ ಲಾರಿಯನ್ನ. ಅದರಲ್ಲಿ ಸುಳ್ಳಿಲ್ಲ. ಆಕ್ಸಲ್ ಮೇಲಿನ ಭಾರ ಎರಡು ಪಟ್ಟಾದರೆ ರಸ್ತೆಗೆ ಆಗೋ ಪೆಟ್ಟು ಸುಮಾರು 16 ಪಟ್ಟು ಅನ್ನೋದು ರಸ್ತೆ ಎಂಜಿನಿಯರುಗಳ ಹಳೇ ಲೆಕ್ಕ. ಆದರೆ ಅದೇ ಲಾರಿ ಒಣಗಿದ ರಸ್ತೆ ಮೇಲೆ ಹೋದರೆ ಒಂದು ಕಥೆ, ಅಡಿಪಾಯ ನೆಂದ ರಸ್ತೆ ಮೇಲೆ ಹೋದರೆ ಬೇರೆಯೇ ಕಥೆ. ನಾವು ಡಾಂಬರು, ಟಾರು ಅನ್ನೋದು ಕಚ್ಚಾ ತೈಲದಿಂದ ಬರೋ ಬಿಟುಮಿನ್. ಅದರ ಕೆಲಸ ಜಲ್ಲಿಯನ್ನ ಹಿಡಿದಿಡೋದು, ಕೆಳಕ್ಕೆ ನೀರು ಇಳಿಯದಂತೆ ತಡೆಯೋದು. ಭಾರ ಹೊರೋದು ಕೆಳಗಿನ ಜಲ್ಲಿ ಮತ್ತು ಮಣ್ಣು. ಕೂದಲೆಳೆ ಬಿರುಕಿನಲ್ಲಿ ನೀರು ಇಳಿದರೆ ಮಣ್ಣು ಮೆತ್ತಗಾಗುತ್ತೆ, ಚಕ್ರ ಹೋದಾಗ ರಸ್ತೆ ಬಾಗುತ್ತೆ, ಬಿರುಕು ಬಲೆಯ ಹಾಗೆ ಹರಡುತ್ತೆ, ಆಮೇಲೆ ತುಂಡು ತುಂಡಾಗಿ ಕಿತ್ತು ಬರುತ್ತೆ.

ನಮ್ಮ ಕಡೆ ತೆಂಗಿನ ತೋಟ ತೆಗೆದು ಮಾಡಿದ ಲೇಔಟ್‌ಗಳಲ್ಲಿ ಇನ್ನೊಂದು ತೊಂದರೆ ಇದೆ. ಮರದ ಬುಡ ಕಿತ್ತ ಗುಂಡಿಗೆ ಮಣ್ಣು ತಳ್ಳಿ ಸರಿಯಾಗಿ ರೋಲರ್ ಹೊಡೆಸದೆ ಬಿಟ್ಟಿದ್ದರೆ, ರಸ್ತೆ ಅಲ್ಲಲ್ಲೇ ತಟ್ಟೆಯಂತೆ ಕುಸಿಯುತ್ತೆ. ಅಲ್ಲಿ ಮೇಲಿಂದ ಮೇಲೆ ಡಾಂಬರು ತುಂಬಿ ಪ್ರಯೋಜನವಿಲ್ಲ. ಅಗೆದು, ಅಡಿಯಿಂದಲೇ ಪದರ ಪದರವಾಗಿ ಬಿಗಿ ಮಾಡಿಸಬೇಕು.

ನೀರು ಬರೀ ಮಳೆಯದ್ದಲ್ಲ. ಸಂಪು ತುಂಬಿ ಹರಿಯೋದು, ಕಾರು ತೊಳೆದ ನೀರು, ಬೆಳಿಗ್ಗೆ ಬಾಗಿಲಿಗೆ ಹಾಕಿದ ನೀರು ದಿನಾ ರಸ್ತೆಯ ಅದೇ ಅಂಚಿನಲ್ಲಿ ನಿಲ್ಲುತ್ತೆ. ಗೇಟಿನ ಮುಂದೆ ರ‍್ಯಾಂಪನ್ನ ಚರಂಡಿ ದಾಟಿ ರಸ್ತೆವರೆಗೆ ಎಳೆದುಕೊಂಡ ಮನೆ ಒಂದು ಸಾಕು, ಮೇಲಿನ ಹತ್ತು ಮನೆ ನೀರು ಅಲ್ಲೇ ಕಟ್ಟಿಕೊಳ್ಳುತ್ತೆ. ಬಡಾವಣೆಯವರೇ ಹಾಕಿಸಿಕೊಂಡ ಹಂಪ್‌ಗಳೂ ಅಷ್ಟೇ. ಈ ಅಂಚಿನಿಂದ ಆ ಅಂಚಿನವರೆಗೆ ಹಾಕಿದರೆ ಅದು ಹಂಪ್ ಅಲ್ಲ, ಒಡ್ಡು.

ಇಪ್ಪತ್ತು ಅಡಿ ರಸ್ತೆ ಅಂದರೆ ನಡುಮಧ್ಯ ಅಂಚಿಗಿಂತ ಸುಮಾರು ಎರಡೂವರೆಯಿಂದ ಮೂರು ಇಂಚು ಎತ್ತರ ಇರಬೇಕು. ಅಡ್ಡಕ್ಕೆ ದಾರ ಹಿಡಿದು ನೋಡಿದರೆ ಯಾರಿಗಾದರೂ ಗೊತ್ತಾಗುತ್ತೆ. ಮಳೆ ನಿಂತು ಅರ್ಧ ಗಂಟೆ ಆದಮೇಲೆ ಒಂದು ಸುತ್ತು ಹೊಡೆದು, ನೀರು ನಿಂತ ಜಾಗಕ್ಕೆಲ್ಲ ಬಣ್ಣದಲ್ಲಿ ಗುರುತು ಹಾಕಿಬಿಡಿ. ಮುಂದಿನ ವರ್ಷದ ಗುಂಡಿಗಳ ಪಟ್ಟಿ ಅದೇ. ಚರಂಡಿ ಹೂಳು, ಅಡ್ಡ ಬಂದ ರ‍್ಯಾಂಪು ಸರಿ ಮಾಡಿಸದೆ ಡಾಂಬರಿಗೆ ದುಡ್ಡು ಹಾಕೋದು ತೂತಿನ ಬಿಂದಿಗೆಗೆ ನೀರು ತುಂಬಿದ ಹಾಗೆ.

ಗುಂಡಿಗೆ ಮಣ್ಣು, ಕಟ್ಟಡದ ಡೆಬ್ರಿಸ್ ತುಂಬೋದು ಬೇಡ

ಅದು ನೀರು ಹೀರಿಕೊಂಡು ಪಕ್ಕದ ಒಳ್ಳೇ ರಸ್ತೆಯನ್ನೂ ನೆನೆಸುತ್ತೆ. ಸರಿಯಾದ ಕ್ರಮ ಏನಂದರೆ, ಗುಂಡಿಯ ಸುತ್ತ ಗಟ್ಟಿ ಇರೋ ಕಡೆವರೆಗೆ ಚೌಕಾಕಾರವಾಗಿ, ಗೋಡೆ ನೇರ ಬರೋ ಹಾಗೆ ಕತ್ತರಿಸಬೇಕು. ಧೂಳು, ಸಡಿಲ ಜಲ್ಲಿ ತೆಗೆದು ಒಣಗಿಸಬೇಕು. ಒಳಗೆ, ಗೋಡೆಗೂ ಸೇರಿಸಿ ಎಮಲ್ಷನ್ ಬಳಿಯಬೇಕು. ಬಳಿದಾಗ ಕಂದು ಬಣ್ಣ ಇರುತ್ತೆ, ಕಪ್ಪಗಾಗುವವರೆಗೆ ಕಾಯಬೇಕು. ಆಮೇಲೆ ಮಿಶ್ರಣ ತುಂಬಿ, ರಸ್ತೆ ಮಟ್ಟಕ್ಕಿಂತ ಚೂರು ಉಬ್ಬಿರೋ ಹಾಗೆ ದಮ್ಮಸು ಮಾಡಬೇಕು. ಸಲಿಕೆಯ ಬೆನ್ನಲ್ಲಿ ತಟ್ಟಿ ಹೋದರೆ ಅದು ತಿಂಗಳೂ ನಿಲ್ಲಲ್ಲ. ಮಳೆಗಾಲದಲ್ಲಿ ತುರ್ತು ಇದ್ದರೆ ಚೀಲದಲ್ಲಿ ಬರೋ ಕೋಲ್ಡ್ ಮಿಕ್ಸ್ ಬಳಸಬಹುದು. ಬಿರುಕು ಇನ್ನೂ ಸಣ್ಣದಿದ್ದಾಗಲೇ ಬಿಟುಮಿನ್ ಸುರಿದು ಕಲ್ಲುಪುಡಿ ಉದುರಿಸಿದರೆ ಇಷ್ಟೆಲ್ಲ ರಗಳೆಯೇ ಇರಲ್ಲ. ಇದಕ್ಕೆ ಒಂದು ದಿನ, ಇಬ್ಬರು ಕೆಲಸಗಾರರು ಸಾಕು.

ನಲ್ಲಿ, ಒಳಚರಂಡಿ ಸಂಪರ್ಕಕ್ಕೆ ರಸ್ತೆ ಅಗೆಯೋದು ಮಾತ್ರ ಎಲ್ಲಕ್ಕಿಂತ ದೊಡ್ಡ ತಲೆನೋವು. ರಸ್ತೆ ಸಂಘದ್ದೇ ಆಗಿದ್ದರೆ, ಮನೆ ಕಟ್ಟೋರಿಂದ ಮೊದಲೇ ಠೇವಣಿ ಕಟ್ಟಿಸಿಕೊಳ್ಳಿ. ಅಗೆದಲ್ಲಿ ಅರ್ಧರ್ಧ ಅಡಿಗೆ ಒಂದು ಸಲ ದಮ್ಮಸು ಮಾಡಿ ಮುಚ್ಚಿ, ಒಂದು ಮಳೆಗಾಲ ಕಳೆದು ಕುಸಿದಿಲ್ಲ ಅಂದಮೇಲೆ ವಾಪಸ್ ಕೊಡಿ. ರಸ್ತೆ ಮೇಲೇ ಸಿಮೆಂಟ್ ಕಲಸೋದನ್ನ ತಡೆಯೋಕೂ ಈ ಠೇವಣಿ ಒಳ್ಳೇ ಹಿಡಿತ.

ಹೊಸ ಡಾಂಬರು: ತೂಕದ ಚೀಟಿ ಕೇಳಿ

ಮೋಸ ಆಗೋದು ಹೆಚ್ಚಾಗಿ ದಪ್ಪದಲ್ಲಿ. ಉದಾಹರಣೆಗೆ, 200 ಮೀಟರ್ ಉದ್ದ, 6 ಮೀಟರ್ ಅಗಲದ ರಸ್ತೆಗೆ ರೋಲರ್ ಹೊಡೆದ ಮೇಲೆ 25 ಮಿಲಿಮೀಟರ್ ದಪ್ಪ ಬರಬೇಕು ಅಂತ ಒಪ್ಪಂದ ಇದೆ ಅಂದುಕೊಳ್ಳಿ. ಅಂದರೆ 30 ಘನ ಮೀಟರ್. ಸಂದಿಯಿಲ್ಲದ ದಟ್ಟ ಮಿಶ್ರಣ ಘನ ಮೀಟರಿಗೆ ಸುಮಾರು 2.3 ಟನ್ ತೂಗುತ್ತೆ, ಒಟ್ಟು ಹತ್ತಿರ ಹತ್ತಿರ 69 ಟನ್ ಮಾಲು ಬರಬೇಕು. ಬಂದಿದ್ದು 41 ಟನ್ ಆದರೆ ಬಿದ್ದಿರೋ ದಪ್ಪ 15 ಮಿಲಿಮೀಟರ್ ಅಷ್ಟೇ. ಪ್ರತಿ ಟಿಪ್ಪರಿನ ವೇಬ್ರಿಡ್ಜ್ ಚೀಟಿ ಇಸಿದುಕೊಂಡು ಕೂಡಿದರೆ ಸಾಕು, ಅಂಗಡಿ ಲೆಕ್ಕ ಬಲ್ಲ ಯಾರಿಗಾದರೂ ಇದು ಐದು ನಿಮಿಷದ ಕೆಲಸ. ಒಪ್ಪಂದದಲ್ಲಿ 'ರೋಲರ್ ನಂತರದ ದಪ್ಪ' ಅಂತಲೇ ಬರೆಸಿ.

ಬಿಸಿಯೂ ಮುಖ್ಯ. ಸಾಮಾನ್ಯವಾಗಿ ಬಳಸೋ ವಿಜಿ-30 ಬಿಟುಮಿನ್ ಆದರೆ, ಮಿಶ್ರಣ ಹರಡುವಾಗ ಕನಿಷ್ಠ 140 ಡಿಗ್ರಿ ಇರಬೇಕು, 90 ಡಿಗ್ರಿಗೆ ಇಳಿಯೋದ್ರೊಳಗೆ ರೋಲರ್ ಕೆಲಸ ಮುಗಿದಿರಬೇಕು. ದೂರದ ಪ್ಲಾಂಟಿನಿಂದ ಟಾರ್ಪಾಲ್ ಹೊದಿಸದೆ ಬಂದ ಲೋಡು ತಣ್ಣಗಾಗಿದ್ದರೆ ವಾಪಸ್ ಕಳಿಸಿ, ಮುಲಾಜು ಬೇಡ. ಡಿಸೆಂಬರಿನಿಂದ ಏಪ್ರಿಲ್ ಮೊದಲ ವಾರಗಳವರೆಗೆ ಈ ಕೆಲಸಕ್ಕೆ ಒಳ್ಳೇ ಕಾಲ.

ಪಾರ್ಕಿಂಗ್ ಜಾಗ, ಅಂಗಡಿ ಮುಂದಿನ ಜಾಗ

ಡೀಸೆಲ್, ಆಯಿಲ್ ತೊಟ್ಟಿಕ್ಕಿದ ಕಡೆ ಬಿಟುಮಿನ್ ಕರಗಿ ಜಲ್ಲಿ ಸಡಿಲ ಆಗುತ್ತೆ. ಬಿದ್ದ ತಕ್ಷಣ ಎಂ ಸ್ಯಾಂಡ್ ಅಥವಾ ಮರದ ಹೊಟ್ಟು ಹಾಕಿ ಹೀರಿಸಿ, ಗುಡಿಸಿ ತೆಗೀಬೇಕು. ಬೇಸಿಗೆಯಲ್ಲಿ ಬೈಕಿನ ಸೈಡ್ ಸ್ಟ್ಯಾಂಡ್ ಡಾಂಬರಿನೊಳಗೆ ಇಳಿಯೋದು ಎಲ್ಲರೂ ಕಂಡಿದ್ದೇ. ಅದರಡಿ ಚಪ್ಪಟೆ ಕಲ್ಲಿಟ್ಟರೂ ಆದೀತು. ಕಾರು ನಿಂತಲ್ಲೇ ಸ್ಟೇರಿಂಗ್ ತಿರುಗಿಸಿದರೂ ಮೇಲ್ಪದರ ಉಜ್ಜಿಹೋಗುತ್ತೆ.

ಹಾಗಾಗಿ ಗ್ಯಾರೇಜು, ಗೂಡ್ಸ್ ಗಾಡಿ ನಿಂತು ಮಾಲು ಇಳಿಸೋ ಅಂಗಡಿ, ಅಪಾರ್ಟ್‌ಮೆಂಟ್ ಪಾರ್ಕಿಂಗ್ ಇಂಥ ಕಡೆ ಡಾಂಬರಿಗಿಂತ ಕಾಂಕ್ರೀಟ್ ಅಥವಾ ಇಂಟರ್‌ಲಾಕ್ ಬ್ಲಾಕ್ ವಾಸಿ. ಬ್ಲಾಕ್ ಆದರೆ ಪೈಪ್ ರಿಪೇರಿಗೆ ಎತ್ತಿ ಮತ್ತೆ ಅದನ್ನೇ ಕೂರಿಸಬಹುದು. ಖರ್ಚು ಮೊದಲಿಗೆ ಜಾಸ್ತಿ. ಹಾಕಿಸುವಾಗ ಮಟ್ಟ ನೋಡಿಕೊಳ್ಳಿ. ಅಂಗಡಿ ಮುಂದಿನ ನೀರು ರಸ್ತೆಗೆ ಹೋಗದೆ ನೇರವಾಗಿ ಚರಂಡಿಗೆ ಬೀಳಬೇಕು, ಚರಂಡಿ ಮೇಲಿನ ಕಲ್ಲು ಹೂಳೆತ್ತೋಕೆ ತೆಗೆಯೋ ಹಾಗಿರಬೇಕು.