ಶಿಶುವಿನ ಚಲನಕ್ರಮವೂ ‘ಅಂಬೆಗಾಲು’ ಶಬ್ದದ ಅರ್ಥವೂ

ಶಿಶುವಿನ ಮೊದಲ ವರ್ಷದ ಅಂಗಚೇಷ್ಟೆಗಳಲ್ಲಿ ಒಂದೊಂದಕ್ಕೂ ಕನ್ನಡದಲ್ಲಿ ಬೇರೆ ಬೇರೆ ಹೆಸರುಂಟು. ಕತ್ತು ನಿಲ್ಲುವುದು, ಮಗ್ಗುಲಾಗುವುದು, ಬೋರಲಾಗುವುದು, ತೆವಳುವುದು, ಕುಳಿತುಕೊಳ್ಳುವುದು, ಅಂಬೆಗಾಲಿಡುವುದು, ಹಿಡಿದು ನಿಲ್ಲುವುದು, ದಟ್ಟಡಿಯಿಡುವುದು ಎಂಬಿವು ಮನೆಮನೆಯ ಮಾತುಗಳು. ಇವುಗಳಲ್ಲಿ ತೆವಳುವುದನ್ನೂ ಅಂಬೆಗಾಲಿಡುವುದನ್ನೂ ಪರ್ಯಾಯಪದಗಳೆಂದು ಅರ್ಥಹೇಳುವುದುಂಟು. ಶಿಶುವಿನ ದೇಹವನ್ನು ಗಮನಿಸಿದರೆ ಈ ಅರ್ಥವು ನಿಲ್ಲದು. ತೆವಳುವಾಗ ಉದರವು ನೆಲಕ್ಕೆ ತಗುಲಿರುತ್ತದೆ. ಅಂಬೆಗಾಲಿನಲ್ಲಿಯಾದರೋ ಉದರವು ಮೇಲೆದ್ದು, ದೇಹದ ಭಾರವೆಲ್ಲ ಅಂಗೈಗಳ ಮೇಲೂ ಮೊಣಕಾಲುಗಳ ಮೇಲೂ ನಿಲ್ಲುತ್ತದೆ.

ಚಲನಶಕ್ತಿಯು ಸಾಮಾನ್ಯವಾಗಿ ಶಿರಸ್ಸಿನಿಂದ ಪಾದದ ಕಡೆಗೆ ಇಳಿಯುತ್ತ ಬರುತ್ತದೆ. ಮೂರು ನಾಲ್ಕನೆಯ ತಿಂಗಳುಗಳಲ್ಲಿ ಕತ್ತು ನಿಲ್ಲುವುದು. ಅನಂತರ ಬೆನ್ನು ದೃಢವಾಗಿ ಶಿಶುವು ಕುಳಿತುಕೊಳ್ಳುವುದು. ಕಡೆಗೆ ಸೊಂಟವೂ ಕಾಲುಗಳೂ ಭಾರವನ್ನು ಹೊರಬಲ್ಲವಾಗುವುವು. ಕ್ರಮವು ಹೀಗಿದ್ದರೂ ಕಾಲವು ಎಲ್ಲ ಶಿಶುಗಳಿಗೂ ಒಂದೇ ಅಲ್ಲ. ಭಾರತ, ಘಾನಾ, ನಾರ್ವೆ, ಒಮಾನ್, ಅಮೆರಿಕ ದೇಶಗಳ 816 ಆರೋಗ್ಯವಂತ ಶಿಶುಗಳನ್ನು ಪರೀಕ್ಷಿಸಿ ವಿಶ್ವಾರೋಗ್ಯಸಂಸ್ಥೆಯು 2006ರಲ್ಲಿ ಪ್ರಕಟಿಸಿದ ಅವಧಿಗಳು ಇದನ್ನು ತೋರಿಸುತ್ತವೆ. ಆಧಾರವಿಲ್ಲದೆ ಕುಳಿತುಕೊಳ್ಳುವುದು 3.8ರಿಂದ 9.2 ತಿಂಗಳೊಳಗೆ, ಅಂಬೆಗಾಲು 5.2ರಿಂದ 13.5 ತಿಂಗಳೊಳಗೆ, ಸ್ವತಂತ್ರವಾದ ನಡಿಗೆ 8.2ರಿಂದ 17.6 ತಿಂಗಳೊಳಗೆ ಕಂಡುಬಂದಿತು. ಅವುಗಳಲ್ಲಿ ನೂರಕ್ಕೆ ಸುಮಾರು ನಾಲ್ಕು ಶಿಶುಗಳು ಅಂಬೆಗಾಲನ್ನೇ ಇಡದೆ ನಡೆದುವು. ಆದುದರಿಂದ ಅಂಬೆಗಾಲಿಡದಿರುವುದು ತಾನೇ ಒಂದು ದೋಷವಲ್ಲ.

ಪ್ರಾಚೀನರೂ ಈ ವಿಷಯವನ್ನು ಉಪೇಕ್ಷಿಸಲಿಲ್ಲ. ಸಂಸ್ಕಾರಗ್ರಂಥಗಳಲ್ಲಿ ಭೂಮ್ಯುಪವೇಶನಕ್ಕೆ, ಎಂದರೆ ಶಿಶುವನ್ನು ಮೊದಲು ನೆಲದ ಮೇಲೆ ಕುಳ್ಳಿರಿಸುವುದಕ್ಕೆ, ಐದನೆಯ ತಿಂಗಳು ವಿಹಿತವಾಗಿದೆ. ಅತಿಯಾಗಿ ಕುಳ್ಳಿರಿಸಿದರೆ ಸೊಂಟಕ್ಕೂ ಬೆನ್ನಿಗೂ ಕೇಡೆಂದು ಕಾಶ್ಯಪಸಂಹಿತೆಯು ಎಚ್ಚರಿಸುತ್ತದೆ. ವಿಧಿಯೊಡನೆ ಮಿತಿಯನ್ನೂ ಹೇಳಿರುವುದು ಇಲ್ಲಿ ಗಮನಾರ್ಹ.

ಚಲನಕ್ಕೆ ಕಾರಣವೇನೆಂಬ ವಿಷಯದಲ್ಲಿ ಮತಭೇದವುಂಟು. ನವಜಾತಶಿಶುವನ್ನು ನೆಟ್ಟಗೆ ಹಿಡಿದು ಪಾದಗಳನ್ನು ನೆಲಕ್ಕೆ ಮುಟ್ಟಿಸಿದರೆ ಅದು ಹೆಜ್ಜೆಯಿಡುವಂತೆ ಕಾಲಾಡಿಸುತ್ತದೆ. ಸುಮಾರು ಎರಡು ತಿಂಗಳಿಗೆ ಈ ಚೇಷ್ಟೆಯು ಅಡಗುತ್ತದೆ. ಮೆದುಳು ಬಲಿತು ಇದನ್ನು ತಡೆಯುತ್ತದೆಂದು ಹಿಂದಿನ ವಿದ್ವಾಂಸರ ಮತ. 1984ರಲ್ಲಿ ಎಸ್ತರ್ ಥೆಲೆನ್ ಎಂಬ ಅಮೆರಿಕದ ವಿದುಷಿಯೂ ಆಕೆಯ ಸಹಕಾರಿಗಳೂ ಶಿಶುಗಳ ಕಾಲುಗಳನ್ನು ನೀರಿನಲ್ಲಿಳಿಸಿ ನೋಡಲು ಹೆಜ್ಜೆಗಳು ಹೆಚ್ಚಿದುವು. ಕಾಲಿಗೆ ಭಾರ ಕಟ್ಟಲು ಕಡಮೆಯಾದುವು. ಕಾಲುಗಳು ಬಲಕ್ಕಿಂತ ಬೇಗ ತೂಕವನ್ನು ಪಡೆಯುವುದೇ ಆ ಚೇಷ್ಟೆಯು ಅಡಗಲು ಮುಖ್ಯಕಾರಣವೆಂದು ಇದರಿಂದ ಊಹಿಸಲಾಯಿತು. ನರಗಳ ಪರಿಪಾಕದೊಡನೆ ದೇಹಭಾರ, ಮಾಂಸಬಲ, ಅಭ್ಯಾಸ ಇವೆಲ್ಲವೂ ಸೇರಿ ಚಲನವನ್ನು ನಿರ್ಣಯಿಸುತ್ತವೆ.

ಭಾರವನ್ನು ಹೊರುವ ಈ ಕೌಶಲಕ್ಕೆ ಕನ್ನಡನಾಡಿನಲ್ಲಿಯೇ ಒಂದು ನಿದರ್ಶನವಿದೆ. ಚನ್ನಪಟ್ಟಣದ ಬಳಿಯ ದೊಡ್ಡಮಳೂರಿನ ಅಪ್ರಮೇಯಸ್ವಾಮಿ ದೇವಾಲಯದಲ್ಲಿರುವ ಅಂಬೆಗಾಲು ಕೃಷ್ಣನ ಒಂದು ಕೈಯಲ್ಲಿ ಬೆಣ್ಣೆಯಿದೆ. ಅಂಬೆಗಾಲಿನಲ್ಲಿರುವ ಶಿಶುವು ಒಂದು ಕೈಯನ್ನೆತ್ತಬೇಕಾದರೆ ಆ ಕೈಯ ಭಾರವನ್ನು ಉಳಿದ ಅಂಗಗಳಿಗೆ ಸಾಗಿಸಬೇಕು. ತೆವಳುವ ಭಂಗಿಯಲ್ಲಿ ಇಂಥ ಸಮತೋಲನದ ಅಗತ್ಯವೇ ಇರದು. ‘ತೆವಳುವ ಕೃಷ್ಣ’ ಎಂದು ಯಾರೂ ಅನ್ನದಿರುವುದರಲ್ಲಿ ಅರ್ಥವುಂಟು.

ಈ ವಿವೇಚನೆಯು ನಿಘಂಟಿಗೆ ಮಾತ್ರ ಸಂಬಂಧಪಟ್ಟುದಲ್ಲ. ನೆರೆಮನೆಯ ಶಿಶುವಿನೊಡನೆ ಹೋಲಿಸಿ ಚಿಂತಿಸುವ ತಾಯಿಗೆ ಮೇಲ್ಕಂಡ ಅವಧಿಗಳ ವಿಸ್ತಾರವನ್ನು ತಿಳಿಸಿದರೆ ಸಮಾಧಾನವಾದೀತು. ದಿನ ತುಂಬುವ ಮೊದಲೇ ಜನಿಸಿದ ಶಿಶುವಿನ ವಯಸ್ಸನ್ನು ನಿರೀಕ್ಷಿತವಾದ ಪ್ರಸವದಿನದಿಂದ ಎಣಿಸಬೇಕು. ಆದರೆ 18 ತಿಂಗಳಾದರೂ ನಡೆಯದ ಶಿಶುವನ್ನೂ, ಬಂದ ಚಲನವನ್ನು ಕಳೆದುಕೊಂಡ ಶಿಶುವನ್ನೂ ವೈದ್ಯರಿಗೆ ತಡಮಾಡದೆ ತೋರಿಸತಕ್ಕದ್ದು.