ವಾಲಿಗೆ ಕಾಣದ ವೇಷ

ಸೇಲಂನಿಂದ ಪಶ್ಚಿಮಕ್ಕೆ ಸುಮಾರು 25 ಕಿ.ಮೀ. ಹೋದರೆ ತಾರಮಂಗಲಂ. ಅಲ್ಲಿನ ಕೈಲಾಸನಾಥ ದೇಗುಲದ ಮಂಟಪದಲ್ಲಿ ಒಂದು ಕಂಬಕ್ಕೆ ಬಿಲ್ಲು ಹಿಡಿದ ರಾಮ, ಇನ್ನೊಂದಕ್ಕೆ ವಾಲಿ. ರಾಮನ ಪಕ್ಕ ನಿಂತರೆ ವಾಲಿ ಕಾಣುತ್ತಾನೆ. ವಾಲಿಯ ಪಕ್ಕ ನಿಂತು ಕತ್ತು ಎಷ್ಟು ಹೊರಳಿಸಿದರೂ ರಾಮ ಕಾಣುವುದಿಲ್ಲ. ಗಟ್ಟಿ ಮುದಲಿ ಪಾಳೆಯಗಾರರ ಕಾಲದ ಶಿಲ್ಪಿಗಳು ಮರೆಯಲ್ಲಿ ನಿಂತು ಬಾಣ ಬಿಟ್ಟ ಕಥೆಯನ್ನು ಕಂಬಗಳ ಲೆಕ್ಕಾಚಾರದಲ್ಲೇ ಹೇಳಿಬಿಟ್ಟಿದ್ದಾರೆ.

ವೇಷ ಮರೆಸಿಕೊಂಡವನ ತಮಾಷೆ ಸಿನಿಮಾಕ್ಕೂ ಇದೇ ಲೆಕ್ಕ. ನೋಡುವವರನ್ನು ರಾಮನ ಕಂಬದ ಬಳಿ ಕೂರಿಸಬೇಕು, ಹುಡುಗಿಯ ಅಪ್ಪನನ್ನು ವಾಲಿಯ ಕಂಬದ ಬಳಿ ನಿಲ್ಲಿಸಬೇಕು. ಅಪ್ಪನಿಗೆ ಬೇಗ ಗೊತ್ತಾದರೆ ನಗು ಸತ್ತಿತು. ನಮಗೇ ಗೊತ್ತಾಗದೆ ಹೋದರೆ ಅದು ಪತ್ತೇದಾರಿ ಕಥೆಯಾಯಿತು. 1979ರಲ್ಲಿ ಕನ್ನಡಕ್ಕೆ ಬಂದ ‘ಪ್ರೀತಿ ಮಾಡು ತಮಾಷೆ ನೋಡು’ ಈ ಲೆಕ್ಕವನ್ನು ತಪ್ಪದೆ ಪಾಲಿಸಿದ ಸಿನಿಮಾ. ಅದರ ಬೇರು ಹುಡುಕಿಕೊಂಡು ಹೋದರೆ ಸೇಲಂ ಸೀಮೆಯನ್ನು ಹಾದೇ ಹೋಗಬೇಕು.

ಏರ್ಕಾಡು ಬೆಟ್ಟದ ಬುಡದಲ್ಲಿ ಟಿ.ಆರ್. ಸುಂದರಂ ಅವರ ಮಾಡರ್ನ್ ಥಿಯೇಟರ್ಸ್ ಇತ್ತು. ಇಂಗ್ಲೆಂಡಿಗೆ ಹೋಗಿ ಜವಳಿ ವಿದ್ಯೆ ಕಲಿತು ಬಂದ ಈ ಮನುಷ್ಯ ಮಗ್ಗ ಬಿಟ್ಟು ಸಿನಿಮಾ ನೇಯ್ದರು. ಮಲಯಾಳದ ಮೊದಲ ವಾಕ್ಚಿತ್ರ ‘ಬಾಲನ್’ (1938) ಇಲ್ಲಿಂದಲೇ ಹೊರಟಿತು. ತಮಿಳಿನ ಮೊದಲ ಪೂರ್ಣಪ್ರಮಾಣದ ಬಣ್ಣದ ಚಿತ್ರ ‘ಆಲಿಬಾಬಾವುಂ 40 ತಿರುಡರ್ಗಳುಂ’ (1956) ಕೂಡ ಇಲ್ಲಿಯದೇ. ನಮ್ಮ ಕಥೆಗೆ ಬೇಕಾದದ್ದು 1940ರ ‘ಉತ್ತಮ ಪುತ್ತಿರನ್’. ಒಬ್ಬನ ಜಾಗದಲ್ಲಿ ಅವನದೇ ಮುಖದ ಇನ್ನೊಬ್ಬ ಬಂದು ನಿಲ್ಲುವ ಆಟವನ್ನು ಪಿ.ಯು. ಚಿನ್ನಪ್ಪ ದ್ವಿಪಾತ್ರದಲ್ಲಿ ಆಡಿದರು. ತಮಿಳು ಪರದೆಗೆ ದ್ವಿಪಾತ್ರ ಬಂದದ್ದು ಅದರಿಂದಲೇ. 1958ರಲ್ಲಿ ಅದೇ ಹೆಸರಿನ ಚಿತ್ರ ಶಿವಾಜಿ ಗಣೇಶನ್‌ಗಾಗಿ ಮತ್ತೆ ತಯಾರಾದಾಗ ಸಂಭಾಷಣೆ ಬರೆದವರು ಸಿ.ವಿ. ಶ್ರೀಧರ್.

ಶ್ರೀಧರ್ ಅಳಿಸುವುದಕ್ಕೆ ಹೆಸರಾದವರು. ‘ಕಲ್ಯಾಣ ಪರಿಸು’, ಆಸ್ಪತ್ರೆಯೊಳಗೇ ನಡೆಯುವ ‘ನೆಂಜಿಲ್ ಓರ್ ಆಲಯಂ’, ಹೀಗೆ ಕರವಸ್ತ್ರ ಒದ್ದೆಯಾಗುವ ಚಿತ್ರಗಳೇ. ಅವರನ್ನು ನಗಿಸುವ ದಾರಿಗೆ ಎಳೆದವರು ಬಾಲ್ಯದ ಗೆಳೆಯ ‘ಚಿತ್ರಾಲಯ’ ಗೋಪು. 1964ರಲ್ಲಿ ‘ಕಾದಲಿಕ್ಕ ನೇರಮಿಲ್ಲೈ’ ಬಂತು, ಅಂದರೆ ‘ಪ್ರೀತಿಸಲು ಪುರುಸೊತ್ತಿಲ್ಲ’. ಪೊಳ್ಳಾಚಿ ಬಳಿಯ ಆಳಿಯಾರ್ ಅಣೆಕಟ್ಟಿನ ಆಸುಪಾಸಿನಲ್ಲಿ, ಬಣ್ಣದಲ್ಲಿ ತೆಗೆದರು.

ಕಥೆಯ ಹೂಟ ನೋಡಿ. ಎಸ್ಟೇಟ್ ಮಾಲೀಕ ವಿಶ್ವನಾಥನ್‌ಗೆ ದುಡ್ಡಿನ ಮೇಲೆ ಪ್ರಾಣ. ಅವರ ಎಸ್ಟೇಟಿನಲ್ಲಿ ಕೆಲಸ ಕಳೆದುಕೊಂಡ ಅಶೋಕ, ಬಂಗಲೆಯ ಎದುರಿಗೇ ಡೇರೆ ಹಾಕಿ ಮುಷ್ಕರ ಕೂರುತ್ತಾನೆ. ಅವರ ಮಗಳ ಮೇಲೆ ಮನಸ್ಸಾಗುತ್ತದೆ. ಬಡವನಿಗೆ ಹೆಣ್ಣು ಕೊಡುವುದುಂಟೆ? ತಾನು ಕೋಟ್ಯಧಿಪತಿಯ ಮಗ ಎನ್ನುತ್ತಾನೆ. ಆ ಕೋಟ್ಯಧಿಪತಿ ಅಪ್ಪನಾಗಿ ನಟಿಸಲು ಗೆಳೆಯ ವಾಸುವನ್ನು ಕರೆಸುತ್ತಾನೆ. ಹುಡುಗ ಬಿಳಿಗೂದಲು ಅಂಟಿಸಿಕೊಂಡು ಮುದುಕನಾಗಿ ಬಂದರೆ, ಅದೇ ಮನೆಯಲ್ಲಿ ಅವನು ಪ್ರೀತಿಸಿದ ಹುಡುಗಿ! ಅವಳು ಮಾಲೀಕರ ಇನ್ನೊಬ್ಬ ಮಗಳು. ನನಗೆ ತುಂಬ ಹಿಡಿಸುವುದು ಇನ್ನೊಂದು ಗಂಟು. ವಾಸು ನಿಜಕ್ಕೂ ಶ್ರೀಮಂತರ ಮನೆಯ ಹುಡುಗ. ನಿಜವಾದ ಸಾಹುಕಾರನ ಮಗ ಸುಳ್ಳು ಸಾಹುಕಾರನಾಗಿ ಒದ್ದಾಡುತ್ತಾನೆ. ನೂರು ಸುಳ್ಳು ಹೇಳಿ ಒಂದು ಮದುವೆ ಮಾಡು ಎಂಬ ನಮ್ಮ ಗಾದೆಯನ್ನು ಇಷ್ಟು ಶ್ರದ್ಧೆಯಿಂದ ಪಾಲಿಸಿದ ಸಿನಿಮಾ ಕಡಿಮೆ.

ಆದರೂ ಜನ ಇವತ್ತಿಗೂ ನೆನೆಯುವುದು ಈ ಪ್ರೇಮಿಗಳನ್ನಲ್ಲ. ಮಾಲೀಕರ ಮಗ ಚೆಲ್ಲಪ್ಪನಿಗೆ ಸಿನಿಮಾ ಹುಚ್ಚು. ‘ಓಹೋ ಪ್ರೊಡಕ್ಷನ್ಸ್’ ಎಂದು ಬೋರ್ಡು ಹಾಕಿಕೊಂಡಿದ್ದಾನೆ, ಕೈಯಲ್ಲಿ ಕಾಸಿಲ್ಲ. ಅಪ್ಪನನ್ನು ಕೂರಿಸಿಕೊಂಡು ತನ್ನ ದೆವ್ವದ ಸಿನಿಮಾದ ಕಥೆ ಹೇಳುತ್ತಾನೆ. ಬಾಗಿಲ ಕಿರುಗುಟ್ಟು, ಹೆಜ್ಜೆ ಸದ್ದು ಎಲ್ಲವೂ ಅವನ ಬಾಯಲ್ಲೇ. ಕೇಳುವ ಅಪ್ಪ, ಅಂದರೆ ಟಿ.ಎಸ್. ಬಾಲಯ್ಯ, ಮಾತಾಡುವುದೇ ಇಲ್ಲ ಎನ್ನಬಹುದು. ಮುಖ ಒಂದೇ ಬೆವರುತ್ತದೆ. ಕಥೆ ಹೇಳಿದವನಿಗೆ ಸಿಕ್ಕಷ್ಟೇ ಪಾಲು ಕೇಳಿದವನಿಗೂ ಸಲ್ಲಬೇಕು ಎಂದು ತೋರಿಸಿಕೊಟ್ಟ ದೃಶ್ಯ ಅದು.

ಆ ಚೆಲ್ಲಪ್ಪನೇ ನಾಗೇಶ್. ಧಾರಾಪುರದ ಕನ್ನಡ ಮನೆಮಾತಿನ ಮಾಧ್ವ ಕುಟುಂಬದ ಹುಡುಗ, ಮನೆಯಲ್ಲಿ ಗುಂಡೂರಾವ್. ಮದ್ರಾಸಿನಲ್ಲಿ ರೈಲ್ವೆ ಗುಮಾಸ್ತನಾಗಿದ್ದು, ಹವ್ಯಾಸಿ ನಾಟಕದಲ್ಲಿ ಹೊಟ್ಟೆನೋವಿನ ರೋಗಿಯ ಪಾತ್ರ ಮಾಡಿ ಎಂ.ಜಿ.ಆರ್. ಕಣ್ಣಿಗೆ ಬಿದ್ದರು. ತಮಿಳುನಾಡು ಅವರನ್ನು ಅಪ್ಪಟ ತಮಿಳು ನಟನೆಂದೇ ಎದೆಗವಚಿಕೊಂಡಿತು. ಇದರಲ್ಲಿ ಮುಚ್ಚಿಟ್ಟದ್ದೇನೂ ಇರಲಿಲ್ಲ. ಸೇಲಂ ಸುತ್ತಿನ ಹಲವು ದೇವಾಂಗರ ಮನೆಗಳಲ್ಲೂ ಹೀಗೆಯೇ. ಒಳಗೆ ಕನ್ನಡ, ಬೀದಿಗೆ ಇಳಿದರೆ ತಮಿಳು. ಹೊರಗಿನವರಿಗೆ ಒಂದು ಮಾತು ಕೇಳುತ್ತದೆ, ಮನೆಯವರಿಗೆ ಎರಡೂ. ಮತ್ತೆ ಅದೇ ಕಂಬಗಳ ಲೆಕ್ಕ.

ತಮಿಳಿನಲ್ಲಿ ಗೆದ್ದದ್ದು ಮರುವರ್ಷವೇ ತೆಲುಗಿಗೆ ‘ಪ್ರೇಮಿಂಚಿ ಚೂಡು’ ಆಗಿ ಹೋಯಿತು. 1966ರಲ್ಲಿ ಶ್ರೀಧರ್ ತಾವೇ ಹಿಂದಿಯಲ್ಲಿ ‘ಪ್ಯಾರ್ ಕಿಯೇ ಜಾ’ ಮಾಡಿದರು, ನಾಗೇಶ್ ಜಾಗಕ್ಕೆ ಮೆಹಮೂದ್. ಕನ್ನಡಕ್ಕೆ ‘ಪ್ರೀತಿ ಮಾಡು ತಮಾಷೆ ನೋಡು’ ಆಗಿ ಬರಲು ಮಾತ್ರ 15 ವರ್ಷ ಹಿಡಿಯಿತು. ನಿರ್ದೇಶಿಸಿದವರು ಶ್ರೀಧರ್ ಗರಡಿಯಲ್ಲೇ ಪಳಗಿದ ಅವರ ಬಂಧು ಸಿ.ವಿ. ರಾಜೇಂದ್ರನ್. ಅದರ ಹಿಂದಿನ ವರ್ಷ ‘ಸಿಂಗಾಪೂರ್‌ನಲ್ಲಿ ರಾಜಾ ಕುಳ್ಳ’ ಮಾಡಿ ಕನ್ನಡದ ಪ್ರೇಕ್ಷಕರಿಗೆ ಪರಿಚಿತರಾಗಿದ್ದರು. ಶ್ರೀನಾಥ್, ಮಂಜುಳಾ, ಪದ್ಮಪ್ರಿಯ ಇದ್ದರು. ‘ಒಂದಾನೊಂದು ಕಾಲದಲ್ಲಿ’ ಚಿತ್ರದ ಕತ್ತಿ ಕೆಳಗಿಟ್ಟು ಬಂದ ಶಂಕರ್‌ನಾಗ್ ಇದ್ದರು. ನಾಗೇಶ್ ಪಾತ್ರ ದ್ವಾರಕೀಶ್ ಪಾಲಿಗೆ.

ಇದಕ್ಕಿಂತ ಒಪ್ಪುವ ಆಯ್ಕೆ ಸಾಧ್ಯವಿರಲಿಲ್ಲ. ನಾಗೇಶ್ ಬಡ ನಿರ್ಮಾಪಕನ ವೇಷ ಹಾಕಿದ ನಟ. ದ್ವಾರಕೀಶ್ ಮೈಸೂರಿನಲ್ಲಿ ಆಟೊ ಬಿಡಿಭಾಗಗಳ ಅಂಗಡಿ ನಡೆಸಿ, ಸಿನಿಮಾ ಹುಚ್ಚಿಗೆ ಬಿದ್ದು, ‘ಮೇಯರ್ ಮುತ್ತಣ್ಣ’ ಸೇರಿದಂತೆ ಒಂದರ ಹಿಂದೊಂದು ಚಿತ್ರ ನಿರ್ಮಿಸಿ, ಗೆದ್ದು, ಸೋತು, ಮತ್ತೆ ಎದ್ದ ನಿಜವಾದ ನಿರ್ಮಾಪಕ. ಅಪ್ಪನ ಮುಂದೆ ಕಥೆ ಹೇಳಿ ದುಡ್ಡು ಕೇಳುವ ಆ ಪಾತ್ರದಲ್ಲಿ ಅವರಿಗೆ ಮರೆಸಿಕೊಳ್ಳಲು ಏನೂ ಇರಲಿಲ್ಲ. ತಮಿಳಿನ ಚುರುಕು ಕನ್ನಡದಲ್ಲಿ ಸ್ವಲ್ಪ ಕಡಿಮೆಯೇ. ಆದರೆ ಈ ಒಂದು ಪಾತ್ರದಲ್ಲಿ ನನ್ನ ಮತ ನಮ್ಮ ಕುಳ್ಳನಿಗೆ.

ಸೇಲಂನ ಸ್ಟುಡಿಯೋದಲ್ಲಿ ಈಗ ಉಳಿದಿರುವುದು ಏರ್ಕಾಡು ರಸ್ತೆಯ ಹೆಬ್ಬಾಗಿಲ ಕಮಾನು. ಅದನ್ನು ನೋಡಿ ತಾರಮಂಗಲಂಗೂ ಹೋಗಿಬನ್ನಿ. ಮೊದಲು ವಾಲಿಯ ಕಂಬದ ಬಳಿ ನಿಲ್ಲಿ, ರಾಮನ ಕಂಬದ ಬಳಿಗೆ ಆಮೇಲೆ ಹೋಗಿ.